ಸಂತೆ ಬೀದಿಯ ಕ್ಯಾಮೆರಾ

"ಈ ಕ್ಯಾಮೆರಾದ ಹೊಟ್ಟ್ಯಾಗ ಚೀನಾ ಕುಂತೈತಿ!"

ಪಂಚಾಯ್ತಿ ಅಧ್ಯಕ್ಷ ಗುರುಪುತ್ರಪ್ಪ ಮೇಜು ಗುದ್ದಿದ ರಭಸಕ್ಕೆ ಎದುರಿಗಿದ್ದ ನೀರಿನ ಲೋಟ ಉರುಳಿತು. ಬಸರಿಹಾಳದ ಸಂತೆ ಬೀದಿಯ ಕಂಬಗಳಿಗೆ ಹಾಕಿದ ಕ್ಯಾಮೆರಾಗಳೆಲ್ಲ ಪರದೇಶದವು, ಬೆಳಗಾವಿಗೆ ಹೋಗುವ ಮಿಲಿಟರಿ ಲಾರಿಗಳನ್ನು ವೈರಿಗಳು ಕುಳಿತಲ್ಲೇ ನೋಡುತ್ತಿದ್ದಾರೆ ಎಂದು ಅವನು ಬಹಳ ಹೊತ್ತಿನಿಂದ ಹೇಳುತ್ತಿದ್ದ. ಸದಸ್ಯರು ತಲೆದೂಗುತ್ತಿದ್ದರು.

ಕೆಳಗಿನ ಓಣಿಯಿಂದ ಆರಿಸಿ ಬಂದಿದ್ದ ರಾಜಮತಿ ಎದ್ದು ನಿಂತಳು. "ಅಧ್ಯಕ್ಷರ, ಇವತ್ತಿನ ವಿಷಯ ನೀರಿಂದೈತ್ರಿ. ನಮ್ಮ ಓಣ್ಯಾಗ ಮನಿಗೊಬ್ಬರಿಗೆ ಕಾಮಣಿ ಆಗೇತಿ."

"ಮೊದಲ ದೇಶ ಉಳೀಲಿ ಬಾಯಾರ. ಆಮ್ಯಾಲ ನಿಮ್ಮ ನಳಾ."

"ಇವರಿಗೆ ಚೀನಾ ಮ್ಯಾಲ ಅಷ್ಟ್ಯಾಕ ಪ್ರೀತಿ?" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ಹೊತ್ತು ಮೀರಿತೆಂದು ಸಭೆಯನ್ನು ಮುಂದಿನ ವಾರಕ್ಕೆ ಹಾಕಿದರು.

ಓಣಿಯ ನಳದ ಪೈಪನ್ನು ಹೋದ ಬೇಸಿಗೆಯಲ್ಲಿ ಗುತ್ತಿಗೆ ಹಿಡಿದು ಹಾಕಿಸಿದ್ದು ಗುರುಪುತ್ರಪ್ಪನ ಹೆಂಡತಿಯ ತಮ್ಮ. ಬೇರೆ ಕಡೆ ಅಗೆಯುವ ಖರ್ಚು ಉಳಿಸಲು ಗಟಾರದ ಮಗ್ಗುಲಿಗೇ ಅದನ್ನು ಮಲಗಿಸಿ ಮಣ್ಣು ಮುಚ್ಚಿದ್ದ. ಊರಿಗೆಲ್ಲ ಗೊತ್ತಿತ್ತು. ಗುರುಪುತ್ರಪ್ಪನೆದುರು ಹೇಳಿದವರು ಯಾರೂ ಇರಲಿಲ್ಲ.

ಮರುದಿನ ರಾಜಮತಿ ಪಕ್ಕದ ಮನೆಯ ಕಾಶವ್ವನ ಜೊತೆ ಬೆಳಗಾವಿಗೆ ಹೋದಳು. ಕಾಶವ್ವನ ಮೊಮ್ಮಗಳು ಸಮೃದ್ಧಿ ಅಲ್ಲಿ ಆಸ್ಪತ್ರೆಯಲ್ಲಿದ್ದಳು. ಕಾಮಾಲೆಗೆ ಹುಡುಗಿಯ ಕಣ್ಣು, ಅಂಗೈ, ಉಗುರು ಎಲ್ಲ ಅರಿಸಿನ ಬಳಿದಂತೆ ಹಳದಿಯಾಗಿದ್ದವು. ರಾಜಮತಿಯನ್ನು ನೋಡಿ ನಗಲು ಹೋದವಳು ಅಷ್ಟಕ್ಕೇ ದಣಿದು ಕಣ್ಣು ಮುಚ್ಚಿದಳು.

"ಯಾರನ್ನ ಕೇಳೂಣು ತಂಗಿ?" ಎಂದಳು ಕಾಶವ್ವ, ಸೆರಗಿನಿಂದ ಹುಡುಗಿಯ ಬೆವರು ಒರೆಸುತ್ತ. "ನೀರು ಯಾಕ ಹಿಂಗೈತಿ ಅಂದ್ರ ಚೀನಾದ ಸುದ್ದಿ ಹೇಳತಾರ."

ಕಾಶವ್ವನನ್ನು ಅಲ್ಲೇ ಬಿಟ್ಟು ರಾಜಮತಿ ಆಟೋ ಹಿಡಿದು ಕ್ಯಾಂಪ್‌ಗೆ ಹೋದಳು. ಮಗಳು ಪೂನಮ್ ಅಲ್ಲಿ ಸೇನೆಯ ಸಿಗ್ನಲ್ ವಿಭಾಗದಲ್ಲಿ ಕ್ಯಾಪ್ಟನ್. ಹಳೆಯ ಬಂಗಲೆಗಳ ಸಾಲಿನ ನೆರಳಲ್ಲಿ ಅವಳು ಬರುವುದನ್ನು ತಾಯಿ ದೂರದಿಂದಲೇ ಕಂಡಳು. ದಾರಿಯಲ್ಲಿ ಒಬ್ಬ ಸಿಪಾಯಿ ಸೆಟೆದು ನಿಂತು ಮಗಳಿಗೆ ಸೆಲ್ಯೂಟ್ ಹೊಡೆದ. ರಾಜಮತಿಗೆ ಇದು ಇನ್ನೂ ರೂಢಿಯಾಗಿರಲಿಲ್ಲ. ತನಗರಿವಿಲ್ಲದೆ ತಾನೂ ಬೆನ್ನು ನೆಟ್ಟಗೆ ಮಾಡಿ ನಿಂತಳು. ಆಮೇಲೆ ನೀರಿನ ಸುದ್ದಿ, ಸಭೆಯ ಸುದ್ದಿ ಎಲ್ಲ ಮಗಳಿಗೆ ಹೇಳಿದಳು.

"ಈ ಕ್ಯಾಮೆರಾದ ಸುದ್ದಿ ಸುಳ್ಳ ಅಂತ ಒಂದ ಮಾತ ಹೇಳವ್ವಾ. ಸಭಾದಾಗ ನಿನ್ನ ಹೆಸರ್ಲೆ ಹೇಳತೀನಿ. ಆಗ ಅವರ ಬಾಯಿ ಮುಚ್ಚತೈತಿ."

ಪೂನಮ್ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು. "ಸುಳ್ಳ ಅಂತ ಹೆಂಗ ಹೇಳ್ಲಿ ಅವ್ವಾ? ನಾವ ನಮ್ಮ ಆಫೀಸಿನ್ಯಾಗ ಅಂಥಾವು ಇಡೂದಿಲ್ಲ. ಆ ಭಯ ಖರೇನ ಐತಿ."

"ಹಂಗಾರ ಗುರುಪುತ್ರಪ್ಪಂದ ಖರೇ ಏನ?"

"ಕ್ಯಾಮೆರಾದ್ದು ಖರೇ. ತಗಸ್ರಿ. ಅದಕ್ಕೇನ ಬೇಕು? ಒಂದ ನಿಚ್ಚಣಿಕಿ, ಒಬ್ಬ ವಾಯರಮನ್." ಪೂನಮ್ ತಾಯಿಯ ಕೈ ಹಿಡಿದುಕೊಂಡಳು. "ಅದನ್ನ ತಗದ್ರ ನಿಮ್ಮ ನೀರ ತಿಳಿ ಆಗತೈತೇನ, ಅದನ್ನ ಕೇಳು."

ಊರಿನ ಬಸ್ಸಿನಲ್ಲಿ ಖಾನಾಪುರ ದಾಟುವ ತನಕ ರಾಜಮತಿ ಮಗಳ ಮಾತನ್ನೇ ಮೆಲುಕು ಹಾಕುತ್ತಿದ್ದಳು. ಆಮೇಲೆ ಒಮ್ಮೆಲೇ ಗಟ್ಟಿಯಾಗಿ ನಕ್ಕುಬಿಟ್ಟಳು. ಮುಂದಿನ ಸೀಟಿನವರು ತಿರುಗಿ ನೋಡಿದರು.

ಮುಂದಿನ ಸಭೆಗೆ ಓಣಿಯ ಹೆಂಗಸರೆಲ್ಲ ಬಂದು ಪಂಚಾಯ್ತಿ ಕಟ್ಟೆಯ ಮೇಲೆ ಕುಳಿತರು. ಗುರುಪುತ್ರಪ್ಪ ಗಂಟಲು ಸರಿಮಾಡಿಕೊಂಡು "ದೇಶದ ಸುರಕ್ಷತಾ..." ಎನ್ನುವಷ್ಟರಲ್ಲಿ ರಾಜಮತಿ ಎದ್ದಳು.

"ಅಧ್ಯಕ್ಷರು ಹೇಳೂದು ಖರೇ ಐತ್ರಿ. ಮಿಲಿಟರ್‍ಯಾಗಿರೂ ನನ್ನ ಮಗಳೂ ಅದನ್ನ ಅಂದ್ಲು. ಎಲ್ಲಾ ಕ್ಯಾಮೆರಾ ತಗೀರಿ. ನಾ ಕೈ ಎತ್ತೀನಿ."

ಒಬ್ಬೊಬ್ಬರಾಗಿ ಎಲ್ಲರೂ ಕೈ ಎತ್ತಿದರು. ಗುರುಪುತ್ರಪ್ಪನ ಭಾಷಣ ಅರ್ಧ ಬಾಯಲ್ಲೇ ಉಳಿಯಿತು.

"ಆ ವಿಷಯ ಮುಗೀತಲ್ರಿ. ಈಗ ನೀರಿಂದ ತಗೋರಿ."

"ಹಿಂಗ ಅವಸರ ಮಾಡಿದ್ರ ಹೆಂಗ್ರಿ ಬಾಯಾರ? ವೈರಿ ಬಾಗಲಾಗ ನಿಂತಾನ..."

"ಅವನ್ನ ನೋಡಿಕೊಳ್ಳಾಕ ನನ್ನ ಮಗಳನ್ನ ಕೊಟ್ಟೀನ್ರಿ. ಆಕಿ ತನ್ನ ಕೆಲಸ ಮಾಡಾಕತ್ತಾಳ. ಈ ಊರ ನೋಡಿಕೊಳ್ಳಾಕ ನಿಮ್ಮನ್ನ ಕುಂದರಿಸೇವಿ. ಗಟಾರದ ಬಾಜು ಪೈಪ್ ಹಾಕಿದಾಂವ ಚೀನಾದಾಂವ ಅಲ್ಲ. ನಿಮ್ಮ ಮನಿ ಮನಶ್ಯಾ."

ರಾಜಮತಿ ಕೂರದೆ ನಿಂತೇ ಇದ್ದಳು.

"ಅಗಿಸ್ರಿ," ಎಂದಳು ಕಾಶವ್ವ ಕಟ್ಟೆಯ ಮೇಲಿಂದ. "ಅಗದ ನೋಡೂಣು."

ಗುರುಪುತ್ರಪ್ಪನ ಗುಂಪಿನವನೇ ಆದ ಹಿರಿಯ ಸದಸ್ಯ ಕಲ್ಲಯ್ಯ ಯಾರ ಮುಖವನ್ನೂ ನೋಡದೆ ನಿಧಾನಕ್ಕೆ ಕೈ ಎತ್ತಿದ. "ನನ್ನ ಸೊಸಿಗೂ ಕಾಮಣಿ ಆಗೇತ್ರಿ," ಎಂದ. ಆಮೇಲೆ ಎದ್ದ ಕೈಗಳನ್ನು ಎಣಿಸುವ ಅಗತ್ಯ ಬೀಳಲಿಲ್ಲ.

ಸೋಮವಾರ ಬೆಳಗ್ಗೆ ಸಂತೆ ಬೀದಿಯಲ್ಲಿ ಕ್ಯಾಮೆರಾ ಬಿಚ್ಚಿದರು. ಚಹಾ ಅಂಗಡಿಯವರು ಚಹಾ ಕಾಸುವುದರೊಳಗೆ ಅದು ಮುಗಿದಿತ್ತು. ಕೆಳಗಿನ ಓಣಿಯಲ್ಲಿ ಅಗೆತ ಸಂಜೆಯವರೆಗೂ ನಡೆಯಿತು. ಆಸ್ಪತ್ರೆಯಿಂದ ಬಂದಿದ್ದ ಸಮೃದ್ಧಿ ಶಾಲು ಹೊದ್ದು ಹೊಸ್ತಿಲ ಮೇಲೆ ಕುಳಿತು ನೋಡುತ್ತಿದ್ದಳು. ಎದುರು ಬದಿಗೆ ಗುರುಪುತ್ರಪ್ಪನೂ ನಿಂತಿದ್ದ. ಅವನಿಗೆ ಯಾರೋ ಕುರ್ಚಿ ತಂದುಕೊಟ್ಟರೂ ಕೂರಲಿಲ್ಲ.

ಹಾರೆ ಹಾಕಿ ಪೈಪನ್ನು ಎಬ್ಬಿಸಿದಾಗ ಅದರ ಜೋಡಣೆ ಕೈಯಲ್ಲೇ ಬಿಚ್ಚಿಕೊಂಡಿತು. ಗಟಾರದ ರಾಡಿ ಸುರಿಯಿತು. ಅದರ ಹಿಂದೆಯೇ ಬೆಳ್ಳಗಿನ, ಕೂದಲೆಳೆಯಂಥ ಬೇರುಗಳ ಒಂದು ಜಡೆ ಹೊರಗೆ ಇಣುಕಿತು. ಪಕ್ಕದ ಬಸರಿ ಮರದ ಬೇರು, ಸಡಿಲ ಜೋಡಣೆಯ ಸಂದಿಯಲ್ಲಿ ಪೈಪಿನೊಳಗೆ ನುಗ್ಗಿ ಬೆಳೆದಿತ್ತು.

ಕಾಶವ್ವ ಸೀರೆ ಎತ್ತಿ ಕಟ್ಟಿಕೊಂಡು ತಗ್ಗಿನ ಅಂಚಿಗೆ ಕುಕ್ಕರಗಾಲಲ್ಲಿ ಕುಳಿತಳು. ಬೇರಿನ ತುದಿ ಹಿಡಿದು ಎಳೆದಳು. ಅದು ಬಂತು. ಇನ್ನೂ ಎಳೆದಳು. ಬರುತ್ತಲೇ ಇತ್ತು. ರಾಜಮತಿ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು ಅವಳ ಮಗ್ಗುಲಿಗೆ ಕುಳಿತು, ತಾನೂ ಒಂದು ಕೈ ಹಾಕಿದಳು.