ಎಂಜಿನ್ ಹಿಂದಿರುವ ಗಾಡಿ

"ಇದೇನ್ರಿ, ನೆಲಾ ಹಸಿ ಆಗೇತಿ?" ಎಂದಳು ಕುಲಸುಂಬಿ, ಗಂಡನಿಗೆ ಚಹಾ ತಂದವಳು ಗ್ಯಾರೇಜಿನ ಬಾಗಿಲಲ್ಲೇ ನಿಂತು.

ದಸ್ತಗೀರ ಹಳೆಯ ಬನಿಯನ್ನಿಗೆ ಕೈ ಒರೆಸಿಕೊಳ್ಳುತ್ತ ತಿರುಗಿದ. ಭಾವುಸಾಹೇಬರ ಕಾರು ಹೊರಟುಹೋಗಿ ಅದರ ಧೂಳು ಇನ್ನೂ ಇಳಿದಿರಲಿಲ್ಲ. ಅದು ನಿಂತಿದ್ದ ಜಾಗದಲ್ಲಿ, ಹಿಂದಿನ ಗಾಲಿಗಳ ನಡುವೆ, ಊಟದ ತಟ್ಟೆಯಷ್ಟು ಅಗಲ ನೆಲ ಕಪ್ಪಾಗಿತ್ತು. ಆಯಿಲ್ ಇರಬೇಕು ಅಂದುಕೊಂಡ. ನಿಪ್ಪಾಣಿಯ ಗ್ಯಾರೇಜಿನಲ್ಲಿ ಆಯಿಲ್ ಚೆಲ್ಲದೆ ಪನ್ನೀರು ಚೆಲ್ಲುತ್ತದೆಯೇ? ಆದರೂ ಕುಕ್ಕರಗಾಲಲ್ಲಿ ಕೂತು ಮುಟ್ಟಿ ನೋಡಿದ. ಬೆರಳು ತಣ್ಣಗಾಯಿತು. ಮೂಗಿನ ಹತ್ತಿರ ತಂದ. ಪೆಟ್ರೋಲು.

ಅವನ ಕಣ್ಣು ತಾನಾಗಿಯೇ ಮೇಲೆ ಹೋಯಿತು. ಜಂತಿಗೆ ತಂತಿಯಿಂದ ಕಟ್ಟಿದ ಬಾಟಲಿ ಇನ್ನೂ ತೂಗುತ್ತಿತ್ತು. ತಳದಲ್ಲಿ ಒಂದಿಷ್ಟು ಪೆಟ್ರೋಲು ಉಳಿದಿತ್ತು. ಅದನ್ನು ನೋಡಿದ್ದೇ ತಡ, ಅವನು ಧಡಕ್ಕನೆ ಎದ್ದು ನಿಂತ.

"ಯಾ ಅಲ್ಲಾ," ಎಂದ. "ಪಂಪ್ ಬಿಚ್ಚಲೇ ಇಲ್ಲ ನಾ."

ಆ ಕಾರು ಹತ್ತಿರದ ಭೋಜ ಎಂಬ ಊರಿನ ತಂಬಾಕು ವ್ಯಾಪಾರಿ ಭಾವುಸಾಹೇಬರು ಕೊಲ್ಲಾಪುರದ ಒಂದು ದೊಡ್ಡ ಮನೆತನದವರಿಂದ ಹಟ ಹಿಡಿದು ಕೊಂಡದ್ದು. ಎರಡೇ ಬಾಗಿಲಿನ ಹಳೆಯ ಜರ್ಮನ್ ಗಾಡಿ. ಎಂಜಿನ್ ಹಿಂದೆ, ಪೆಟ್ರೋಲ್ ಟಾಕಿ ಮುಂದೆ. ರೇಡಿಯೇಟರ್ ಇಲ್ಲ, ನೀರು ಬೇಡ. ಎಂಜಿನ್ನಿಗೆ ಹೊಂದಿಸಿದ ದೊಡ್ಡ ಪಂಖದ ಗಾಳಿಯೇ ಅದನ್ನು ತಣ್ಣಗಿಡಬೇಕು. ಓಡಿದರೆ ಹುಲಿ, ಆದರೆ ಓಡಬೇಕಲ್ಲ! ಕಂಪನಿಯವರು ಕೂಡಿಸಿದ್ದ, ಎಂಜಿನ್ನಿಗೆ ಪೆಟ್ರೋಲು ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್ ಕೆಟ್ಟು ಕೂತು, ಪುಣೆಯ ಮಿಸ್ತ್ರಿಗಳೂ ಕೈಮುಗಿದಿದ್ದರು.

"ಅದನ್ನ ಕಿತ್ತ ಒಗೀರಿ ಸಾವ್ಕಾರ್ರ," ಎಂದು ಮೀಸೆ ತಿರುವಿದ್ದವನು ದಸ್ತಗೀರನೇ. "ಕಾರ್ಬರೇಟರ್ ಕೂಡಸ್ತೀನಿ. ಬಿಚ್ಚಿದ್ರ ಕಣ್ಣಿಗಿ ಕಾಣ್ತೈತಿ, ಕೆಟ್ರ ಕಿವಿಗಿ ಕೇಳ್ತೈತಿ."

"ಇಂಜೆಕ್ಷನ್ ಕೂಡಿಸಿದ ಕಂಪನಿಯವ್ರು ಹುಚ್ಚರೇನೋ?"

"ಅದs ಕಂಪನಿಯವ್ರು ಇದರ ಹಿಂದಿನ ಗಾಡಿಗಿ ಕಾರ್ಬರೇಟರ್ ಕೂಡಿಸಿ ಕಳಿಸಿದ್ರಲ್ರಿ. ಅವೂ ಓಡ್ಯಾವ."

ಮಾತಿಗೆ ತಕ್ಕಂತೆ ಮುಂಬೈಯ ಕುರ್ಲಾದ ಗುಜರಿಯೆಲ್ಲ ಜಾಲಾಡಿ, ಅಂಥದೇ ಹಳೆಯ ಗಾಡಿಯೊಂದರ ಕಂಪನಿ ಕಾರ್ಬರೇಟರುಗಳ ಜೋಡಿ ಹುಡುಕಿ ತಂದಿದ್ದ. ಕೂಡಿಸಿದ. ಎಲ್ಲ ಮಿಸ್ತ್ರಿಗಳೂ ಮಾಡುವಂತೆ, ಟಾಕಿಯ ಪೈಪು ಜೋಡಿಸದೆ, ಪೆಟ್ರೋಲು ತುಂಬಿದ ಬಾಟಲಿಯನ್ನು ಜಂತಿಗೆ ತೂಗುಹಾಕಿ ಅದರಿಂದಲೇ ಎಂಜಿನ್ನಿಗೆ ಕುಡಿಸಿ ನೋಡಿದ. ಆಹಾ, ಏನು ಸದ್ದು! ಬೀದಿಯವರೆಲ್ಲ ಬಂದು ಕೇಳಿಸಿಕೊಂಡು ಹೋದರು. ಮೂರು ದಿನ ಅವನು ಆ ಸದ್ದಿನ ಅಮಲಿನಲ್ಲೇ ಇದ್ದ.

ಇಂಜೆಕ್ಷನ್ನಿಗೆ ಪೆಟ್ರೋಲನ್ನು ಜೋರಾಗಿ ನೂಕುವ ಪಂಪು ಬೇಕು. ಕಾರ್ಬರೇಟರಿಗೆ ಅಷ್ಟು ಜೋರು ತಡೆಯುವುದಿಲ್ಲ, ತುಂಬಿ ಉಕ್ಕಿ ಹೊರಗೆ ಚೆಲ್ಲುತ್ತದೆ. ಹಳೆಯ ಪಂಪು ತೆಗೆದು ಸಣ್ಣದು ಹಾಕಬೇಕೆಂಬುದು ದಸ್ತಗೀರನಿಗೆ ಗೊತ್ತಿರದ ಮಾತೇನಲ್ಲ. ಬಾಟಲಿಗೆ ಪಂಪೇ ಬೇಕಿರಲಿಲ್ಲವಾದ್ದರಿಂದ ಅದು ತಲೆಯಿಂದಲೇ ಹಾರಿಹೋಗಿತ್ತು. ಇವತ್ತು ಸಂಜೆ ಭಾವುಸಾಹೇಬರು ಮಗಳು ಸುನಂದಾಳನ್ನೂ ಕರೆದುಕೊಂಡು ಬಂದವರೇ ಅವಸರ ಹಚ್ಚಿದರು.

"ಹೊತ್ತ ಮುಳುಗೂದ್ರಾಗ ಮನೀ ಸೇರಬೇಕೋ ದಸ್ತಗೀರ. ಅವ್ವ ಆರತಿ ತಯಾರ ಮಾಡಿ ಕುಂತಾಳ, ನಾ ಹೋಗೂತನ ಉಣ್ಣಂಗಿಲ್ಲ. ಹೊತ್ತ ಮುಳುಗಿದ ಮ್ಯಾಲಂತೂ ಯಾರೂ ಉಣ್ಣಂಗಿಲ್ಲ."

ಅರ್ಧ ತಾಸು ಎಂಜಿನ್ ಕಾಯಿಸಿ ನೋಡೋಣ ಎನ್ನಬೇಕಿತ್ತು. ಜೈನರ ಮನೆಯ ಮುದುಕಿಯೊಬ್ಬಳನ್ನು ಬೆಳಗಿನವರೆಗೆ ಉಪವಾಸ ಕೆಡವಲು ಅವನಿಗೆ ಬಾಯಿ ಬರಲಿಲ್ಲ. ಟಾಕಿಯ ಪೈಪು ಜೋಡಿಸಿದ, ಎಂಜಿನ್ ಚಾಲೂ ಆಯಿತು. ಎಂಟು ವರ್ಷದ ಸುನಂದಾ ಹಿಂದಿನ ಸಣ್ಣ ಸೀಟಿನಲ್ಲಿ, ಎಂಜಿನ್ನಿಗೆ ಬೆನ್ನು ಕೊಟ್ಟು ಕೂತು ಕೈಬೀಸಿದಳು. ಪೆಟ್ರೋಲಿನ ವಾಸನೆ ಆ ಗ್ಯಾರೇಜಿನಲ್ಲಿ ಯಾವಾಗ ಇರುವುದಿಲ್ಲ? ಯಾರಿಗೂ ಗೊತ್ತಾಗಲಿಲ್ಲ.

ಭೋಜದ ಮನೆಯ ಫೋನು ಮಳೆಗಾಲದಿಂದ ಸತ್ತುಬಿದ್ದಿತ್ತು. ದಸ್ತಗೀರ ತನ್ನ ರಾಜದೂತ ಮೋಟರ್‌ಸೈಕಲ್ಲಿಗೆ ಕಿಕ್ ಹೊಡೆದ. ಒಮ್ಮೆಗೆ ಆಗಲಿಲ್ಲ. ಮತ್ತೆ ಹೊಡೆದ.

"ಚಪ್ಪಲ್ ರೀ!" ಎಂದು ಕುಲಸುಂಬಿ ಕೂಗುವಷ್ಟರಲ್ಲಿ ಅವನು ಬರಿಗಾಲಲ್ಲೇ ರಸ್ತೆಗೆ ಬಿದ್ದಿದ್ದ.

ತಂಬಾಕಿನ ಗಾಡಿಗಳು ದಾರಿಯುದ್ದಕ್ಕೂ ಅಡ್ಡ ಬರುತ್ತಿದ್ದವು. ಅವನು ಗಾಡಿಗಳನ್ನು ನೋಡುತ್ತಿರಲಿಲ್ಲ, ಹೊಗೆ ಹುಡುಕುತ್ತಿದ್ದ. ಹೊಲದ ಬದುವಿನಲ್ಲಿ ಯಾರೋ ಕಬ್ಬಿನ ಒಣಗರಿಯ ರವದಿ ಸುಡುತ್ತಿದ್ದರು. ಆ ಹೊಗೆ ಕಂಡು ಅವನ ಜೀವ ಬಾಯಿಗೆ ಬಂತು. ಹತ್ತಿರ ಹೋಗಿ ರವದಿಯೇ ಎಂದು ಖಾತ್ರಿಯಾದ ಮೇಲೂ ತಿರುತಿರುಗಿ ನೋಡಿದ. ಹಿಂದೆ ಬೆಂಕಿ ಹತ್ತಿದರೆ ಮುಂದೆ ಕೂತವನಿಗೆ ತಿಳಿಯುವುದೂ ಇಲ್ಲ. ಹಿಂದಿನ ಸೀಟಿಗೆ ಬಾಗಿಲೂ ಇಲ್ಲ.

ಹೊಳೆಯ ಸೇತುವೆಯ ಹತ್ತಿರ ಚಹಾದಂಗಡಿಯ ಉತ್ತಮನನ್ನು ಕೇಳಿದ. "ಸಾವ್ಕಾರ್ರ ಗಾಡಿ ಹೋತೇನೋ?"

"ಈಗ ಹೋತಲ್ಲ! ಬಾಣ ಬಿಟ್ಟಂಗ ಹೋತ. ಶಾಬ್ಬಾಸ್ ಮಿಸ್ತ್ರಿ! ಬರ್ರಿ, ಚಾ ಕುಡೀರಿ."

ಬಾಣ ಬಿಟ್ಟ ಹಾಗೆ ಹೋಗಿದೆ ಎಂದರೆ ಒಳ್ಳೆಯದು. ಜೋರಾಗಿ ಓಡುವಾಗ ಎಂಜಿನ್ ಬಂದದ್ದನ್ನೆಲ್ಲ ಕುಡಿಯುತ್ತದೆ, ಚೆಲ್ಲುವುದು ಕಡಿಮೆ. ಗಾಡಿ ನಿಂತಲ್ಲೇ ಎಂಜಿನ್ ಚಾಲೂ ಇದ್ದರೆ ಕುಡಿಯಲಾಗದೆ ಕಾರಿಕೊಳ್ಳುತ್ತದೆ. ಹಾಗಾದರೆ ನಿಲ್ಲಬಾರದು, ಅದು ನಿಲ್ಲಬಾರದು ಎಂದುಕೊಂಡ ದಸ್ತಗೀರನಿಗೆ, ಮರುಕ್ಷಣವೇ, ಅದು ಎಲ್ಲಿ ನಿಲ್ಲುತ್ತದೆ ಮತ್ತು ಅಲ್ಲಿ ಯಾರು ಏನು ಹಿಡಿದು ಕಾಯುತ್ತಿದ್ದಾರೆ ಎಂಬುದು ಹೊಳೆಯಿತು. ಅಷ್ಟು ಹೊತ್ತು ಅವನಿಗೆ ಆಗಿದ್ದದ್ದು ಗಾಬರಿ. ಈಗ ನಿಜವಾದ ಹೆದರಿಕೆ ಬಂತು. ಹ್ಯಾಂಡಲ್ಲಿನ ಆ್ಯಕ್ಸಿಲರೇಟರನ್ನು ಪೂರ್ತಿ ತಿರುವಿದ.

ಭೋಜದ ಮನೆಯ ಅಂಗಳದಲ್ಲಿ ಜನ ಸೇರಿದ್ದರು. ಕಾರು ಅಡ್ಡಕ್ಕೆ ನಿಂತು ಗುರುಗುಟ್ಟುತ್ತಿತ್ತು. ಅವ್ವನಿಗೆ ಸದ್ದು ಕೇಳಲಿ ಎಂದು ಭಾವುಸಾಹೇಬರು ಎಂಜಿನ್ ಬಂದ್ ಮಾಡಿರಲಿಲ್ಲ. ಸುನಂದಾ ಇಳಿದೂ ಇರಲಿಲ್ಲ, ಹಿಂದಿನ ಗಾಜಿಗೆ ಮೂಗು ಒತ್ತಿ ನಗುತ್ತಿದ್ದಳು. ಚಂದ್ರಮತಿ ಅವ್ವ ಆರತಿ ತಟ್ಟೆ ಹಿಡಿದು ಕಾರಿನ ಮೂತಿಯ ಮುಂದೆ ನಿಂತಿದ್ದಳು. ತಟ್ಟೆಯಲ್ಲಿ ಎರಡು ತುಪ್ಪದ ದೀಪಗಳು ಉರಿಯುತ್ತಿದ್ದವು.

"ಅಲ್ಲಲ್ಲ ಅವ್ವಾ, ಇದರ ಎಂಜಿನ್ ಹಿಂದ ಐತಿ! ಈ ಕಡೆ ಬಾ, ಇಲ್ಲಿ ಬೆಳಗು," ಎಂದು ಭಾವುಸಾಹೇಬರು ಹೆಮ್ಮೆಯಿಂದ ಹಿಂದಿನ ಮುಚ್ಚಳ ಎತ್ತಿದರು. ಮುದುಕಿ ಸೆರಗು ಸರಿಮಾಡಿಕೊಂಡು, ದೀಪಕ್ಕೆ ಅಂಗೈ ಮರೆ ಮಾಡಿ, ನಿಧಾನಕ್ಕೆ ಹಿಂದಕ್ಕೆ ನಡೆದಳು.

ದಸ್ತಗೀರ ರಾಜದೂತವನ್ನು ನಿಲ್ಲಿಸಲಿಲ್ಲ, ಹಾಗೇ ಕೈಬಿಟ್ಟ. ಅದು ಬಿದ್ದ ಸದ್ದಿಗೆ ಜನ ತಿರುಗಿದರು. "ಬ್ಯಾಡ್ರಿ, ದೀಪ ಬ್ಯಾಡ್ರಿ!" ಎಂದು ಕೂಗಿದನೋ, ಕೂಗಬೇಕೆಂದುಕೊಂಡನೋ. ಮುದುಕಿ ತಟ್ಟೆ ಎತ್ತಿದ್ದಳು. ಅದನ್ನು ಹೊಡೆದು ಕೆಡವಿದರೆ ಬೆಂಕಿ ಕೆಳಗೇ ಬೀಳುತ್ತದೆ. ಕೈಯಿಂದ ಮುಚ್ಚೋಣವೆಂದರೆ ಪೈಪು ಜೋಡಿಸಿದ ಕೈತುಂಬ ಪೆಟ್ರೋಲು. ಅವನು ಮುದುಕಿಯ ಎದುರು ಹಾರಿ ಬಂದು, ಬಗ್ಗಿ, ಉಫ್ ಎಂದು ಎರಡೂ ದೀಪಗಳನ್ನು ಊದಿಬಿಟ್ಟ.

ಬತ್ತಿಗಳ ಹೊಗೆ ಚಂದ್ರಮತಿ ಅವ್ವನ ಮುಖಕ್ಕೆ ಬಡಿಯಿತು. ಹೊಸ ಗಾಡಿ, ಮನೆಯ ಹೊಸ್ತಿಲು, ಆರತಿಯ ದೀಪ. ಅದನ್ನು ಬಾಯಿಂದ ಊದಿ ಆರಿಸುವುದೆಂದರೆ!

"ಬಾಯಿಂದ ಊದತಿ ಏನಲೇ?" ಭಾವುಸಾಹೇಬರ ಕೈ ಮೇಲೆದ್ದಿತು. "ನನ್ನ ಅವ್ವನ ಕೈಯಾಗಿನ ದೀಪಾ?"

"ಹೊಡೀರಿ ಸಾವ್ಕಾರ್ರ, ಆಮ್ಯಾಲ ಹೊಡೀರಿ. ಮದ್ಲ ಚಾವಿ ಬಂದ್ ಮಾಡ್ರಿ. ಕೂಸಿನ್ನ ಇಳಸ್ರಿ!" ದಸ್ತಗೀರನ ದನಿ ಅಳುವಿನ ಹಾಗಿತ್ತು. "ಕೆಳಗ ನೋಡ್ರಿ."

ಅವರು ಬಗ್ಗಿ ನೋಡಿದರು. ಕಾದ ಎಂಜಿನ್ನಿನ ಅಡಿಯಿಂದ ಪೆಟ್ರೋಲು ದಾರ ಕಟ್ಟಿ ಇಳಿಯುತ್ತಿತ್ತು. ಚಂದ್ರಮತಿ ಅವ್ವ ನಿಂತಿದ್ದ ಮಣ್ಣು ಹಸಿಯಾಗಿತ್ತು, ಅವಳ ಸೀರೆಯ ಅಂಚೂ ಹಸಿಯಾಗಿತ್ತು. ಎತ್ತಿದ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಭಾವುಸಾಹೇಬರು ಅದನ್ನು ಗಾಳಿಯಲ್ಲೇ ಬಿಟ್ಟರು. ಆಮೇಲೆ ಓಡಿಹೋಗಿ ಮಗಳನ್ನು ಎಳೆದುಕೊಂಡರು.

ಗಾಡಿಯನ್ನು ಎಲ್ಲರೂ ಸೇರಿ ತಂಬಾಕಿನ ಹೊಲದವರೆಗೆ ನೂಕಿದರು. ಅಂಗಳಕ್ಕೆ ಮಣ್ಣು ಸುರಿದರು. ಒಳಗೆ ಒಲೆ ಆರಿಸಿದರು. ಅಷ್ಟರಲ್ಲಿ ಹೊತ್ತು ಮುಳುಗಿತು. ಕರೆಂಟು ಮಧ್ಯಾಹ್ನದಿಂದಲೇ ಇರಲಿಲ್ಲ. ದಸ್ತಗೀರ ದನ ನೀರು ಕುಡಿಯುವ ಬಾನಿಯ ಹತ್ತಿರ ಬೂದಿ ಹಚ್ಚಿ ಕೈ ತಿಕ್ಕಿದ, ಮತ್ತೆ ತಿಕ್ಕಿದ. ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಚಂದ್ರಮತಿ ಅವ್ವ ಸೀರೆ ಬದಲಿಸಿ ಹೊರಗೆ ಬಂದಳು. ಒಂದು ಕೈಯಲ್ಲಿ ಕಂದೀಲು, ಇನ್ನೊಂದರಲ್ಲಿ ಕಡ್ಡಿಪೆಟ್ಟಿಗೆ. ಮನೆಯವರೆಲ್ಲ ಅವಳ ಬೆನ್ನ ಹಿಂದೆ ಕತ್ತಲಲ್ಲಿ ನಿಂತಿದ್ದರು. ಕಂದೀಲನ್ನು ಕಟ್ಟೆಯ ಮೇಲಿಟ್ಟು, ಗಾಜು ಏರಿಸಿ, ಕಡ್ಡಿಯೊಂದನ್ನು ತೆಗೆದು, ಅವನ ಕಡೆ ತಿರುಗಿದಳು.

"ಈಗ ಹಚ್ಚಲ್ಯಾ, ತಮ್ಮಾ?"

ದಸ್ತಗೀರ ಗಾಳಿಯನ್ನು ಮೂಸಿದ. ವಾಸನೆ ಇತ್ತು. ಅದು ಅಂಗಳದ್ದೋ, ತನ್ನ ಅಂಗಿಯದ್ದೋ, ತಲೆಯೊಳಗೆ ಕೂತದ್ದೋ ತಿಳಿಯಲಿಲ್ಲ. ಹೌದೆನ್ನಲು ಬಾಯಿ ತೆರೆದ. ಆದರೆ ಹೇಳುವ ಮೊದಲು ಅಂಗಿಯ ತೋಳನ್ನು ಇನ್ನೊಮ್ಮೆ ಮೂಸಿದ.

ಮುದುಕಿ ಕಡ್ಡಿಯನ್ನು ಪೆಟ್ಟಿಗೆಗೆ ತಾಗಿಸಿ ಹಿಡಿದುಕೊಂಡೇ ಕಾದಳು.