ಹಳ್ಳದಾಚೆ ಉಟ್ಟ ಸೀರೆ

ಆ ಊರಿನ ಹೆಸರನ್ನು ನಾನು ಬಾಯಲ್ಲಿ ತರುವುದಿಲ್ಲ. ಹಳ್ಳದಾಚೆಯ ಊರು ಎಂದರೆ ಹಾಲಹರವಿಯಲ್ಲಿ ಎಲ್ಲರಿಗೂ ತಿಳಿಯುತ್ತದೆ. ಮೊದಲು ಅದೂ ನಾವೂ ಒಂದೇ ಜಿಲ್ಲೆ. ರಾಜ್ಯ ಒಡೆದು ನಮ್ಮನ್ನು ಆಂಧ್ರಕ್ಕೂ ಅವರನ್ನು ಮೈಸೂರಿಗೂ ಹಂಚಿದ ಮೇಲೆ, ಅಲ್ಲಿಗೆ ಹೋಗುವುದನ್ನು ನಮ್ಮ ಗಂಡಸರು ಪರದೇಶಕ್ಕೆ ಹೋಗುವುದು ಎಂದು ನಗೆಯಾಡುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಆ ಊರಲ್ಲಿ ಉರುಕುಂದಮ್ಮ ಇದ್ದಳು.

ಉರುಕುಂದಮ್ಮ ನನ್ನ ಗಂಡ ಬಜಾರಪ್ಪನ ಸೋದರಮಾವನ ಮಗಳು. ಇಬ್ಬರಿಗೂ ಮದುವೆ ಎಂದು ಚಿಕ್ಕಂದಿನಿಂದ ಆಡಿಕೊಂಡಿದ್ದರು, ತಾಂಬೂಲವೂ ಆಗಿತ್ತು. ಅಷ್ಟರಲ್ಲಿ ಹೊಲದ ಬದುವಿನ ಮೇಲೆ ಎರಡು ಮನೆಗೂ ಜಗಳ ಬಿದ್ದು ಸಂಬಂಧ ಮುರಿಯಿತು. ಮಾವ ಹಟಕ್ಕೆ ಬಿದ್ದು ಮಗಳನ್ನು ಹಳ್ಳದಾಚೆ ಆದೆಪ್ಪನಿಗೆ ಕೊಟ್ಟ. ಬಜಾರಪ್ಪನ ಮನೆಯವರೂ ಹಟಕ್ಕೆ ಬಿದ್ದು ಅದೇ ಬೇಸಿಗೆಯಲ್ಲಿ ನಂದವರಂನಿಂದ ನನ್ನನ್ನು ತಂದರು. ಹೀಗೆ ಯಾರದೋ ಹಟದಿಂದ ಈ ಮನೆ ತುಂಬಿದವಳು ನಾನು, ಸುಂಕಲಮ್ಮ. ಗಂಡ ಕೆಟ್ಟವನಲ್ಲ. ಕೈ ಎತ್ತಿದವನಲ್ಲ, ದುಡಿದು ತಂದು ಹಾಕುತ್ತಾನೆ. ಆದರೆ ಉರುಕುಂದಮ್ಮನ ಸುದ್ದಿ ಬಂತೆಂದರೆ ಎತ್ತಿಗೆ ನೀರು ಕುಡಿಸುವುದು ನೆನಪಾಗಿ ಎದ್ದು ಹೋಗುತ್ತಾನೆ. ಎಷ್ಟು ಸಲ ನೀರು ಕುಡಿಯಬೇಕು ಆ ಎತ್ತುಗಳು? ನನ್ನ ಹೊಟ್ಟೆ ಉರಿಯುತ್ತಿತ್ತು. ಉರಿಯುವುದನ್ನು ಮುಚ್ಚಿಟ್ಟುಕೊಳ್ಳುವ ಹೆಂಗಸೂ ನಾನಲ್ಲ.

ಬಜಾರಪ್ಪ ನಮ್ಮೂರ ಬಯಲಾಟದ ಮೇಳದಲ್ಲಿ ರಾಜನ ವೇಷ ಹಾಕುತ್ತಿದ್ದ. ರಾಣಿಯ ವೇಷ ಹನುಮಣ್ಣನದು. ಹಗಲೆಲ್ಲ ಹೊಲದಲ್ಲಿ ಎತ್ತು ಕಟ್ಟಿ ಗಳೆ ಹೊಡೆಯುವ ಗಂಡಸು, ಸೀರೆ ಉಟ್ಟನೆಂದರೆ ನಡಿಗೆಯೇ ಬೇರೆ. ಆಟ ಕಲಿಸಿ ತಾಳ ಹಿಡಿಯುವವರು ಹಾಲಸ್ವಾಮಿಯವರು. ಸುಗ್ಗಿ ಮುಗಿದ ಮೇಲೆ ಇವರೆಲ್ಲ ಕರೆದ ಊರಿಗೆ ಹೋಗಿ ಆಡುತ್ತಿದ್ದರು. ಕಿರೀಟ, ಭುಜಕೀರ್ತಿ, ಕತ್ತಿ ಬಂಡಿಯಲ್ಲಿ ಹೋಗುತ್ತಿದ್ದವು. ಸೀರೆ ಮಾತ್ರ ಹೋಗುತ್ತಿರಲಿಲ್ಲ. ಸೀರೆಯನ್ನು ಆಟ ಆಡಿಸುವ ಊರಿನವರೇ ಕೊಡಬೇಕು, ಅದು ಪದ್ಧತಿ. ಸಂಜೆಗೆ ಮನೆಮನೆಯ ಒಳ್ಳೆಯ ಸೀರೆಗಳು ಒಂದು ಬುಟ್ಟಿಯಲ್ಲಿ ಬರುತ್ತಿದ್ದವು. ರಂಗದ ಮೇಲೆ ತಮ್ಮ ಸೀರೆ ಕಂಡರೆ ಆ ಮನೆಯ ಹೆಂಗಸರಿಗೆ ವರ್ಷವೆಲ್ಲ ಹೇಳಿಕೊಳ್ಳುವಷ್ಟು ಹೆಮ್ಮೆ. ಯಾವ ಸೀರೆ ಯಾರದು ಎಂಬುದು ಹಳ್ಳಿಯಲ್ಲಿ ಕೂಸಿಗೂ ಗೊತ್ತು. ತಂಟೆ ಹುಟ್ಟಿದ್ದು ಅಲ್ಲಿಯೇ.

ಮೊದಲ ವರ್ಷ ಹಳ್ಳದಾಚೆ ಆಡಿದಾಗ ಹನುಮಣ್ಣ ಉಟ್ಟದ್ದು ಉರುಕುಂದಮ್ಮನ ಗಿಳಿಹಸಿರು ಇಳಕಲ್ ಸೀರೆ. ಆಡಿದ ಆಟವಾದರೂ ಯಾವುದು? ಒಬ್ಬ ರಾಜನಿಗೆ ಗೊತ್ತು ಮಾಡಿದ್ದ ಹೆಣ್ಣನ್ನು ಇನ್ನೊಬ್ಬ ರಾಜ ಮದುವೆಯಾಗಿ ಕರೆದೊಯ್ಯುವ ಕಥೆ. ಕೊನೆಗೆ ಮೊದಲನೆಯವನು ಯುದ್ಧ ಗೆದ್ದು ಬಂದು ಆಕೆಯ ಸೆರಗು ಹಿಡಿದು, ನೀನು ನನ್ನವಳಲ್ಲವೇ ಎಂದು ಹಾಡುತ್ತಾನೆ. ನನ್ನ ಗಂಡ ಹಾಡಿದ. ತನ್ನ ಹೆಂಡತಿಯ ಸೆರಗು ಅವನ ಕೈಯಲ್ಲಿ ಕಂಡ ಆದೆಪ್ಪ ಕಂಬಳಿ ಕೊಡವಿ ಎದ್ದು ಹೋದನಂತೆ. ಎರಡನೆಯ ವರ್ಷ ಮತ್ತೆ ಅದೇ ಆಟ, ಅದೇ ಹಸಿರು ಸೀರೆ. ಆ ಸಲ ಆದೆಪ್ಪನ ಅಣ್ಣತಮ್ಮಂದಿರು ಬಡಿಗೆ ಹಿಡಿದು ರಂಗದ ತನಕ ಬಂದಿದ್ದರಂತೆ, ಹಿರಿಯರು ಅಡ್ಡ ನಿಂತು ಬಿಡಿಸಿದರಂತೆ. ಎಲ್ಲ ಅಂತೆಕಂತೆ. ನಾನು ಕಣ್ಣಾರೆ ಕಂಡಿರಲಿಲ್ಲ, ನನ್ನ ಸಂಕಟವೇ ಅದು.

ನಮ್ಮೂರಲ್ಲಿ ವಾದ ಎದ್ದಿತು. ಕಟ್ಟೆಯ ಮೇಲಿನ ಗಂಡಸರು ಅದು ತಾನಾಗಿ ಆದದ್ದು ಎಂದರು. ಆ ಆಟದಲ್ಲಿ ಯುದ್ಧ ಹೆಚ್ಚೆಂದು ಅದನ್ನೇ ಕೇಳಿದವರು ಆ ಊರಿನವರು, ಬುಟ್ಟಿಯಲ್ಲಿ ಬಂದದ್ದನ್ನು ಹನುಮಣ್ಣ ಉಟ್ಟ, ಸೆರಗು ಹಿಡಿಯುವುದು ಆಟದಲ್ಲೇ ಇದೆ, ಇದರಲ್ಲಿ ಬಜಾರಪ್ಪನ ತಪ್ಪೇನು ಎಂದರು. ಬಾವಿಯ ಹತ್ತಿರ ಹೆಂಗಸರು ಬೇಕೆಂದೇ ಮಾಡಿದ್ದು ಎಂದರು. ನೆರೆಮನೆಯ ಪಕೀರಮ್ಮ ನನ್ನ ಮುಖ ನೋಡಿಕೊಂಡೇ ಕೇಳಿದಳು: ನಮ್ಮೂರಲ್ಲಿ ಅದೇ ಆಟ ಆಡಿದಾಗ ನಿನ್ನ ಗಂಡ ಸೆರಗಿನ ತುದಿ ಮುಟ್ಟಿ ಬಿಟ್ಟ, ಅಲ್ಲಿ ಹಾಡು ಮುಗಿಯುವವರೆಗೂ ಬಿಡಲಿಲ್ಲವಂತೆ, ಅದಕ್ಕೇನು ಹೇಳುತ್ತೀ? ನಾನು ಕೊಡ ಅರ್ಧ ತುಂಬಿಕೊಂಡೇ ಮನೆಗೆ ಬಂದೆ.

ಹಾಲಸ್ವಾಮಿಯವರನ್ನು ಕೇಳಿದೆ. ಅವರು ಗಡ್ಡ ನೀವಿಕೊಂಡು, ಮೊದಲ ವರ್ಷದ ಸುದ್ದಿ ಹಬ್ಬಿ ಎರಡನೆಯ ವರ್ಷಕ್ಕೆ ಕೋಸಗಿಯಿಂದಲೂ ರೈಲು ಹತ್ತಿ, ಬಂಡಿ ಹಿಡಿದು ಜನ ಬಂದಿದ್ದರು ಎಂದು ಹೇಳಿ ಸಂತೋಷಪಟ್ಟರು. ನಾನು ಕೇಳಿದ್ದಕ್ಕೆ ಅದು ಉತ್ತರವೇ? ಹನುಮಣ್ಣನನ್ನು ಕೇಳಿದರೆ ಬುಟ್ಟಿಯಲ್ಲಿ ಮೇಲೆ ಇದ್ದದ್ದೇ ಆ ಸೀರೆ ಎಂದ. ಕೊನೆಗೆ ರೊಟ್ಟಿ ಬಡಿಸುವಾಗ ಗಂಡನನ್ನೇ ಕೇಳಿದೆ.

"ಆ ಸೀರಿ ಯಾರದಂತ ನಿನಗ ಗೊತ್ತಿತ್ತೋ ಇಲ್ಲೋ?"

"ಆಟದಾಗ ಸೀರಿ ಯಾರು ನೋಡ್ತಾರ," ಎಂದ. ರೊಟ್ಟಿ ಅರ್ಧಕ್ಕೆ ಬಿಟ್ಟು ಎತ್ತಿನ ಕಡೆ ಹೋದ.

ಮೂರನೆಯ ವರ್ಷ ಹಳ್ಳದಾಚೆಯಿಂದ ಮತ್ತೆ ಆಟಕ್ಕೆ ವೀಳ್ಯ ಬಂತು. ಗಲಾಟೆ ಆಗಬಾರದು ಎಂದು ಹೇಳಿ ಕಳಿಸಿದ್ದರು, ಆದರೆ ಅದೇ ಆಟ ಆಗಬೇಕು ಎಂದೂ ಹೇಳಿ ಕಳಿಸಿದ್ದರು. ಈ ಸಲ ನಾನೂ ಬರುತ್ತೇನೆ ಎಂದೆ. ಬಜಾರಪ್ಪ ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಜಗಳಕ್ಕೆ ಒಂದು ದಾರಿಯಾದರೂ ಆಗುತ್ತಿತ್ತು.

ಪೆಟ್ಟಿಗೆಯಿಂದ ನನ್ನ ಧಾರೆ ಸೀರೆ ತೆಗೆದು ಗಂಟು ಕಟ್ಟಿಕೊಂಡೆ. ಅದೂ ಇಳಕಲ್ಲೇ, ಕೆಂಪು ರೇಷ್ಮೆ ಸೆರಗಿನದು. ಒಡಲು ಮಾತ್ರ ಬದನೆಕಾಯಿ ಬಣ್ಣ. ಧಾರೆಗೆ ಯಾರಾದರೂ ಈ ಬಣ್ಣ ತರುತ್ತಾರೆಯೇ ಎಂದು ನಮ್ಮ ತವರಿನವರು ಆಗ ಮೂಗು ಮುರಿದಿದ್ದರು. ನನಗೆ ಮಾತ್ರ ಅದು ಪ್ರಾಣ. ಅದನ್ನು ಹನುಮಣ್ಣನಿಗೆ ಉಡಿಸಬೇಕು ಎಂದು ಲೆಕ್ಕ ಹಾಕಿದ್ದೆ. ಆಟದಲ್ಲಿ ಸೀರೆ ನೋಡುವುದಿಲ್ಲ ಎಂದಿದ್ದನಲ್ಲ, ನನ್ನ ಸೀರೆಯ ಗುರುತೂ ಹತ್ತದೆ ಹೋದರೆ ಅವನ ಮಾತು ನಿಜ. ಹಸಿರು ಸೀರೆಯೂ ಅವನಿಗೆ ಬರೀ ಬಟ್ಟೆ. ಗುರುತು ಹತ್ತಿದರಂತೂ ಬೇರೇನು ಬೇಕು, ಉರುಕುಂದಮ್ಮನ ಎದುರಿಗೇ ಅವಳ ಊರ ನೆಲದ ಮೇಲೆ ನನ್ನ ಸೆರಗು ಹಿಡಿದು ನೀನು ನನ್ನವಳು ಎಂದು ಹಾಡುತ್ತಾನೆ. ಹೇಗಾದರೂ ಗೆಲ್ಲುವವಳು ನಾನೇ ಎಂದುಕೊಂಡು ಬಂಡಿ ಹತ್ತಿದೆ.

ಬಣ್ಣ ಹಚ್ಚುವ ಮನೆಯಲ್ಲಿ ಹನುಮಣ್ಣನನ್ನು ಒಂದು ಕಡೆ ಕರೆದು, ಮತ್ತೆ ಆ ಮನೆಯ ಸೀರೆ ಉಟ್ಟರೆ ಬಡಿಗೆ ಬರುತ್ತವೆ, ಕೊನೆಯ ಪ್ರವೇಶಕ್ಕೆ ನನ್ನದು ಉಡು, ಯಾರೂ ಏನೂ ಅನ್ನುವ ಹಾಗಿಲ್ಲ ಎಂದೆ. ಅವನಿಗೂ ಬಡಿಗೆಯ ಭಯ ಇತ್ತು, ತಕ್ಷಣ ಒಪ್ಪಿದ. ಬಜಾರಪ್ಪನಿಗೆ ಹೇಳಬೇಡ ಎಂದದ್ದಕ್ಕೂ ಒಪ್ಪಿದ.

ಹೆಂಗಸರ ಕಡೆ ಚಾಪೆ ಹಾಸಿದ್ದರು. ನಂಟಸ್ತನ ಇದ್ದದ್ದರಿಂದ ಉರುಕುಂದಮ್ಮ ತಾನಾಗಿ ಬಂದು ನನ್ನ ಪಕ್ಕದಲ್ಲಿ ಕೂತಳು, ಅವಳ ಅತ್ತೆ ಉಚ್ಚಮ್ಮ ಆ ಪಕ್ಕದಲ್ಲಿ. ಅವಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಏನಾದರೂ ಐಬು ಸಿಗುತ್ತದೋ ಎಂದು ಕಂದೀಲಿನ ಬೆಳಕಿನಲ್ಲಿ ಹುಡುಕಿದೆ. ಒಂದು ಹಲ್ಲು ಸ್ವಲ್ಪ ಸೊಟ್ಟ ಇತ್ತು. ಇಷ್ಟು ದೂರ ಬಂದದ್ದಕ್ಕೆ ಅಷ್ಟಾದರೂ ಸಿಕ್ಕಿತಲ್ಲ ಎಂದು ಸಮಾಧಾನಪಟ್ಟೆ. ಅವಳು ನನ್ನನ್ನು ಅಕ್ಕಾ ಎಂದು ಕರೆದು ಮಕ್ಕಳನ್ನು ಕೇಳಿದಳು, ಹತ್ತಿಯ ಬೆಳೆ ಕೇಳಿದಳು. ಬಜಾರಪ್ಪನನ್ನು ಕೇಳಲಿಲ್ಲ. ಕೇಳದೆ ಇದ್ದದ್ದೂ ನನಗೆ ಚುಚ್ಚಿತು.

ಆಟ ನಡೆದು ನಡೆದು ಮೂಡಲ ಕೆಂಪಾಯಿತು. ಕೊನೆಯ ಪ್ರವೇಶಕ್ಕೆ ಹನುಮಣ್ಣ ಬಂದಾಗ ಬೆಳಕು ಹರಿದಿತ್ತು, ಬಣ್ಣ ಚೆನ್ನಾಗಿ ಕಾಣುತ್ತಿತ್ತು. ಉಚ್ಚಮ್ಮ ಗೊಣಗಿದಳು.

"ನಮ್ಮ ಮನಿ ಹಸಿರು ಸೀರಿ ಯಾಕ ಉಡಲಿಲ್ಲವ್ವಾ? ಎರಡು ವರ್ಷ ನಾನ ಕಳಿಸೀನಿ. ಸೊಸಿ ಬ್ಯಾಡಂದ್ರೂ ಕೇಳದ ಬುಟ್ಯಾಗ ಮ್ಯಾಲ ಇಟ್ಟು ಕಳಿಸೀನಿ. ಅಂಥಾದು ಈ ಊರಾಗ ಇನ್ಯಾರ ಮನ್ಯಾಗ ಐತಿ?"

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಕಳಿಸಿದವಳು ಅತ್ತೆ. ಉರುಕುಂದಮ್ಮ ಕಳಿಸಿರಲಿಲ್ಲ, ನನ್ನ ಗಂಡ ಕೇಳಿರಲಿಲ್ಲ. ಮಗ ಕಂಬಳಿ ಕೊಡವಿ ಎದ್ದದ್ದಾಗಲಿ, ಉಳಿದವರು ಬಡಿಗೆ ಎತ್ತಿದ್ದಾಗಲಿ ತನ್ನ ಸೀರೆಯಿಂದ ಎಂಬುದು ಆ ಮುದುಕಿಯ ತಲೆಗೇ ಹೋಗಿರಲಿಲ್ಲ. ಎರಡು ರಾಜ್ಯದ ಜನ ಕೂತು ವಾದ ಮಾಡಿದ್ದು ಒಬ್ಬ ಅತ್ತೆಯ ಜಂಬದ ಮೇಲೆ. ಪಕೀರಮ್ಮನಿಗೆ ಬಾವಿಯ ಹತ್ತಿರ ಏನೇನು ಹೇಳಬೇಕು ಎಂದು ಆಗಲೇ ಮನಸ್ಸಿನಲ್ಲಿ ಜೋಡಿಸಿಕೊಳ್ಳತೊಡಗಿದೆ.

ಅಷ್ಟರಲ್ಲಿ ಬಜಾರಪ್ಪ ಕತ್ತಿ ಝಳಪಿಸುತ್ತ ಬಂದ. ಸೀರೆ ನೋಡಿದ. ಕತ್ತಿಯ ಕೈ ಕೆಳಗಿಳಿಯಿತು. ಹಾಲಸ್ವಾಮಿಯವರು ತಾಳ ಹಾಕಿ ಪದ ಎತ್ತಿಕೊಟ್ಟರು, ಅವನಿಗೆ ಕೇಳಿಸಲಿಲ್ಲ. ಮತ್ತೊಮ್ಮೆ ಎತ್ತಿಕೊಟ್ಟರು. ಆಮೇಲೆ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಹಾಡಿದ. ಊರೆಲ್ಲ ಕೇಳುವಂತೆ ಕೂಗಿ ಹಾಡುವ ರಾಜ, ಅವತ್ತು ಎದುರಿಗಿರುವ ಒಬ್ಬರಿಗೆ ಮಾತ್ರ ಹೇಳುವ ಹಾಗೆ ಮೆಲ್ಲಗೆ ಹಾಡಿದ. ನನಗೆ ಅಳು ಬಂತು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಆ ಹೊತ್ತಿಗೆ ನನಗೆ ಗಂಡ ಸಿಕ್ಕಿದ ಹಾಗಾಯಿತು.

ಆ ಸುಖವನ್ನು ಒಬ್ಬಳೇ ಉಣ್ಣುವಷ್ಟು ಒಳ್ಳೆಯವಳಲ್ಲ ನಾನು. ಪಕ್ಕದವಳ ಕಡೆ ತಿರುಗಿ, "ಅದು ನನ್ನ ಧಾರಿ ಸೀರಿ," ಎಂದೆ.

"ಗೊತ್ತಾತು ಅಕ್ಕಾ," ಎಂದಳು ಉರುಕುಂದಮ್ಮ. ಅವಳ ಕಣ್ಣೂ ರಂಗದ ಮೇಲೇ ಇತ್ತು. "ನಮ್ಮ ತಾಂಬೂಲ ಆದ ಮ್ಯಾಲ ಆದೋನಿ ಅಂಗಡ್ಯಾಗ ಕೈ ಮಾಡಿ ತೋರಿಸಿದಾಕಿ ನಾನ. ಧಾರಿಗೆ ಈ ಬಣ್ಣ ಬ್ಯಾಡಂತ ಹಿರೇರೆಲ್ಲ ಬೈದ್ರು. ಬಜಾರಪ್ಪ ಮಾವ, ಆಕಿ ಮನಸಿಗೆ ಬಂದೈತಿ, ಅದನ್ನ ತಗೋರಿ ಅಂದ. ಇನ್ನ ಅದಾ ಐತೇನು, ನನಗ ನೆಪ್ಪ ಇರಲಿಲ್ಲ."

ಅವಳು ಚುಚ್ಚಲು ಹೇಳಿದ್ದಲ್ಲ. ಚುಚ್ಚಲು ಹೇಳಿದ್ದರೆ ಜುಟ್ಟು ಹಿಡಿಯುತ್ತಿದ್ದೆ. ರಂಗದ ಮೇಲೆ ಅವನು ಇನ್ನೂ ಸೆರಗು ಬಿಟ್ಟಿರಲಿಲ್ಲ. ಹಳೆಯ ಎರಡು ವರ್ಷದ ಆಟದಲ್ಲಿ ಬೇಕೆಂದು ಮಾಡಿದ್ದು ಏನೂ ಇರಲಿಲ್ಲ. ಈ ಮೂರನೆಯದನ್ನು ಬೇಕೆಂದೇ ಮಾಡಿದವಳು ನಾನು, ಅವಳು ಆರಿಸಿದ ಸೀರೆಯನ್ನು ಅವಳ ಊರಿಗೆ ಹೊತ್ತು ತಂದು ಅವನ ಕೈಗೆ ಕೊಟ್ಟವಳು ನಾನು.

ಆದೆಪ್ಪನಿಗೆ ಏನೂ ತಿಳಿಯಲಿಲ್ಲ. ಈ ವರ್ಷ ಆಟ ಮರ್ಯಾದೆಯಿಂದ ಆಯಿತು ಎಂದು ಎಲೆ ಅಡಿಕೆ ಕೊಟ್ಟು ಕಳಿಸಿದ.

ಬಣ್ಣ ತೊಳೆದ ಮೇಲೆ ಹನುಮಣ್ಣ ಸೀರೆಯನ್ನು ಉಂಡೆ ಮಾಡಿ ತಂದು ಬಂಡಿಯಲ್ಲಿ ನನ್ನ ಕಡೆ ಎಸೆದ. ಬಜಾರಪ್ಪ ಅದನ್ನು ನನ್ನ ಮಡಿಲಿಂದ ತೆಗೆದುಕೊಂಡು, ಅಂಚಿಗೆ ಅಂಚು ಕೂಡಿಸಿ ಮಡಿಸಿ ಕೊಟ್ಟ. ತನ್ನ ಪಂಚೆಯನ್ನೂ ಗೂಟಕ್ಕೆ ಎಸೆಯುವ ಗಂಡಸು ಅವನು. ಹಳ್ಳ ದಾಟುವಾಗ, ಈ ಸೀರೆ ಯಾಕೆ ತಂದೆ ಎಂದು ಕೇಳಿದ. ಗಲಾಟೆ ಆಗದಿರಲಿ ಎಂದು ತಂದೆ ಎಂದೆ.

ಮರುದಿನ ಹೊಲದಲ್ಲಿ ಕೊನೆಯ ಹತ್ತಿ ಬಿಡಿಸುವುದಿತ್ತು. ನಾನು ಬದನೆಕಾಯಿ ಬಣ್ಣದ ಸೀರೆ ಉಟ್ಟು ಹೋದೆ. ಕೂಲಿ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೋಡಲಿ. ಸೆರಗನ್ನು ಸೊಂಟಕ್ಕೆ ಸುತ್ತಿ ಉಡಿ ಮಾಡಿ, ಬಿಡಿಸಿದ ಹತ್ತಿಯನ್ನೆಲ್ಲ ಅದಕ್ಕೇ ತುಂಬುತ್ತ ಹೊರಟೆ. ಒಣಗಿದ ಕಾಯಿಯ ತುದಿಗಳು ರೇಷ್ಮೆಯನ್ನು ಕಚ್ಚಿ ಕಚ್ಚಿ ಎಳೆಯುತ್ತಿದ್ದವು. ಬಜಾರಪ್ಪ ಬದುವಿನ ಮೇಲಿಂದ ಇಳಿದು ಸಾಲಿನಲ್ಲಿ ನಡೆದು ಬಂದ.

"ಸುಂಕೀ, ಅದು ಹರದೀತು," ಎಂದ.

"ಹರೀಲಿ. ಆರಿಸಿದಾಕಿ ಯಾರರ ಇರಲಿ, ಉಟ್ಟಾಕಿ ನಾನು."

ನನಗೆ ಗೊತ್ತಾಗಿದೆ ಎಂದು ಅವನಿಗೆ ಆಗ ಗೊತ್ತಾಯಿತು. ಗಿಡಕ್ಕೆ ಸಿಕ್ಕಿಕೊಂಡಿದ್ದ ಸೆರಗನ್ನು ಬಿಡಿಸಲು ಅವನು ಬಾಗಿ ಕೈ ಚಾಚಿದ. ಅವನು ಮುಟ್ಟುವ ಮೊದಲೇ ನಾನು ಜಗ್ಗಿದೆ. ಸೆರಗು ಉದ್ದಕ್ಕೆ ಹರಿದು, ಉಡಿಯಲ್ಲಿದ್ದ ಹತ್ತಿ ಎಲ್ಲ ಮಣ್ಣಿಗೆ ಚೆಲ್ಲಿತು. ಗಾಳಿಗೆ ಒಂದಷ್ಟು ಹಾರಿಯೂ ಹೋಯಿತು. ಬೆಳೆದ ಹತ್ತಿ ನೆಲಕ್ಕೆ ಬಿದ್ದರೆ ಮನೆಯವರನ್ನೆಲ್ಲ ಬೈಯುವ ಗಂಡಸು, ಆ ಹತ್ತಿಯ ಕಡೆ ನೋಡಲೇ ಇಲ್ಲ. ಹರಿದ ಸೆರಗಿನ ತುದಿಯನ್ನು ಬೆರಳಲ್ಲಿ ಹಿಡಿದು ನೋಡುತ್ತ ನಿಂತ. ಅದನ್ನು ಅವನ ಕೈಯಿಂದ ಬಿಡಿಸಿಕೊಂಡು ನಾನು ಕೆಳಗೆ ಕೂತೆ. ಮಣ್ಣಾದ ಹತ್ತಿಯನ್ನೆಲ್ಲ ನಾನೊಬ್ಬಳೇ ಆರಿಸಿದೆ.