ಘಾಟಿಲ್ಲದ ಮೆಣಸಿನಕಾಯಿ

ದೇವೀಂದ್ರಪ್ಪನ ಹೊಟ್ಟೆಯಲ್ಲಿ ಹುಣ್ಣಾಗಿ, ಡಾಕ್ಟರು ಖಾರ ಬಿಡಿಸಿದ ಮೇಲೆ ಕುಸನೂರಿನ ಆ ಮನೆಯ ಅಡುಗೆ ಸಪ್ಪಗಾಯಿತು. ಗಂಡನಿಗಿಲ್ಲದ ಖಾರ ತನಗೂ ಬೇಡವೆಂದು ವಿಮಲಾಬಾಯಿಯೂ ಬಿಟ್ಟಳು. ಅವನು ರೊಟ್ಟಿ ಮುರಿದು, "ಶಿವಾ" ಅಂದು ನುಂಗುತ್ತಿದ್ದ. ರುಚಿಯ ಮಾತೆತ್ತುತ್ತಿರಲಿಲ್ಲ. ಪಕ್ಕದ ಮನೆಯ ಒಗ್ಗರಣೆ ವಾಸನೆ ಬಂದಾಗ ಮಾತ್ರ ಕೈ ತಾಟಿನಲ್ಲೇ ನಿಂತುಬಿಡುತ್ತಿತ್ತು. ಅದನ್ನು ಅವಳು ನೋಡಿದ್ದಳು.

ಕೋಟೆ ಹತ್ತಿರದ ಜಹೀರುದ್ದೀನ್ ಅವನ ಗೆಳೆಯ. ಹಡಗಿನಲ್ಲಿ ಅಡುಗೆ ಮಾಡಿ ಮುದುಕನಾದವನು. ಒಂದು ದಿನ ಕಾಗದದ ಪುಡಿಕೆ ತಂದಿಟ್ಟ.

"ಭಾಬಿ, ಇದು ಟ್ರಿನಿಡಾಡ್ ಕಡೀ ಮೆಣಸಿನಕಾಯಿ ಬೀಜ. ವಾಸನಿ ಓಣಿ ತುಂಬ ಹೊಡೀತದ, ಖಾರ ಬಿಲ್ಕುಲ್ ಇಲ್ಲ."

"ಖಾರ ಇಲ್ಲದ್ದು ಮೆಣಸಿನಕಾಯಿ ಹೆಂಗಾಗ್ತದ್ರೀ ಭಾಯಿ?"

"ಸಿಟ್ಟಿಲ್ಲದ ನಿಮ್ಮ ಯಜಮಾನ್ರು ಗಂಡಸಲ್ಲೇನ್ರೀ? ಹಂಗ! ಬ್ಯಾರೆ ಮೆಣಸಿನಗಿಡದ ಬಾಜೂಕ ಮಾತ್ರ ಹಚ್ಚಬ್ಯಾಡ್ರಿ, ಮುಂದಿನ ಬೀಜಕ್ಕ ಖಾರ ಸೇರ್ತದ. ನನ್ನ ಹತ್ರ ಇದ್ದದ್ದು ಇಷ್ಟೇ."

ಬೀಜ ಮೊಳೆಯಲು ತಡಮಾಡಿತು. ಪೂಜೆಯ ತಂಬಿಗೆಯಲ್ಲಿ ಉಳಿದ ನೀರನ್ನೇ ವಿಮಲಾಬಾಯಿ ಚಿಮುಕಿಸುತ್ತ ಕಾದಳು. ಹುಟ್ಟಿದ ಸಸಿಗಳಲ್ಲಿ ಮಾಳಿಗೆಯ ಬಿಸಿಲಿಗೆ ಒಂದೇ ಉಳಿಯಿತು. ಅದನ್ನು ಕಮಲಾಪುರದ ತವರಿಗೆ ಒಯ್ದು, ಕೆಂಪು ಬಾಳೆಯ ನೆರಳಲ್ಲಿ ಹಚ್ಚಿ ಬಂದಳು. ಗಿಡ ಸುಕ್ಕುಸುಕ್ಕಿನ ಕಾಯಿ ಬಿಟ್ಟಿತು. ಹಸಿಗಾಯಿ ಹಾಕಿ ಝುಣಕ ಮಾಡಿದ ದಿನ ದೇವೀಂದ್ರಪ್ಪ ತಾನಾಗಿ ಕೇಳಿದ: "ಇನ್ನೊಂದ ರೊಟ್ಟಿ ಹಾಕು."

ಬೇಸಿಗೆಗೆ ಗಿಡ ಒಣಗುತ್ತ ಬಂತು. ಕೊನೆಯ ಹಣ್ಣುಗಳನ್ನು ದಾರಕ್ಕೆ ಪೋಣಿಸಿ, ತವರಿನ ಅಡುಗೆಮನೆಯ ಗೋಡೆಗೆ ತೂಗಿಹಾಕಿದಳು. "ಅಡಿಗಿಗಿ ಹಾಕಬ್ಯಾಡವ್ವ," ಎಂದು ತಾಯಿ ಸಾಬಮ್ಮನಿಗೆ ಹೇಳಿದಳು. ಬೀಜಕ್ಕೆಂದು ಹೇಳುವುದು ಮರೆತಳು.

ಒಣಗಿದ ಹಣ್ಣು ತರಲು ಅವಳು ಹೋದಾಗ, ಹಿಂದಿನ ದಿನವೇ ಬಂದಿದ್ದ ದೇವೀಂದ್ರಪ್ಪ ಪಡಸಾಲೆಯಲ್ಲಿ ಕೂತಿದ್ದ. ಗೋಡೆಯ ದಾರದಲ್ಲಿ ಒಂದೇ ಕಾಯಿ ಇತ್ತು.

"ಅವ್ವಾ, ಉಳದವು ಎಲ್ಲಿ?"

"ಅಡಿಗಿಗಿ ಹಾಕಿಲ್ಲವ್ವಾ, ನೀ ಹೇಳಿದ್ದಿ ಅಲ್ಲ! ಅಳಿಯಂದ್ರು ಹೆಂಗ ಸೊರಗ್ಯಾರ ನೋಡು. ನಿನ್ನಿ ಸಂಜೀಕ ಉಪ್ಪಿನ ಜೋಡಿ ಇಳಿಸಿ ನೆದರ ತಗದು ಒಲಿಗಿ ಒಗದೆ. ಯಪ್ಪಾ, ಒಂದ ಕೆಮ್ಮ ಬರಲಿಲ್ಲ! ಎಂಥಾ ಪಾಪಿ ಕಣ್ಣೋ!"

ದೃಷ್ಟಿ ತೆಗೆದು ಒಲೆಗೆ ಒಗೆದ ಮೆಣಸಿನಕಾಯಿ ಘಾಟು ಬಿಡದಿದ್ದರೆ ಕೆಟ್ಟ ಕಣ್ಣು ಗಟ್ಟಿಯಾಗಿ ತಾಗಿದೆ ಎಂದು ಆ ಕಡೆಯ ನಂಬಿಕೆ.

ವಿಮಲಾಬಾಯಿ ಗಂಡನತ್ತ ತಿರುಗಿದಳು. "ನೀವರೆ ಹೇಳಬಾರದೇನ್ರೀ?"

"ನೆದರ ತಗ್ಯಾಗ ಮಾತಾಡಬಾರದಂತ. ನಾ ಬಾಯಿ ತೆರದ್ನಿ, ನಿಮ್ಮವ್ವ ದೊಡ್ಡ ಕಣ್ಣ ತೆರದ್ರು."

"ಇನ್ನೂ ಬಿಟ್ಟಿಲ್ಲ ಆ ಕಣ್ಣು," ಅಂದಳು ಸಾಬಮ್ಮ. "ಘಾಟ ಬರೋತನಕ ತಗೀಬೇಕು. ಆ ಒಂದು ಒಡದದಂತ ಬಿಟ್ಟಿದ್ದೆ, ಒಡಕ ಕಾಯಿ ನೆದರಿಗಿ ನಡ್ಯಂಗಿಲ್ಲ. ಏನ್ ಮಾಡ್ಲಿ, ಇವತ್ತ ಅದನ್ನೂ ಹಾಕಿ ನೋಡ್ತೀನಿ."

ಅವಳ ಕೈ ಗೋಡೆಗೆ ಚಾಚಿತು. ವಿಮಲಾಬಾಯಿ ಸಿಟ್ಟಾಗಲಿಲ್ಲ. ಮನಸ್ಸಿನಲ್ಲೇ ದೇವರು ಶರಣಬಸಪ್ಪನನ್ನು ನೆನೆದು, ಡಬ್ಬಿಯಿಂದ ಮನೆಯ ಖಾರದ ಮೆಣಸಿನಕಾಯಿ ತೆಗೆದು ತಾಯಿಯ ಕೈಗಿಟ್ಟಳು.

"ತಡಿ ಅವ್ವ, ಒಡಕ ಬ್ಯಾಡ. ಇವು ಇಡಿಗಾಯಿ ಅವ."

ಸಾಬಮ್ಮ ಅಳಿಯನಿಗೆ ಇಳಿಸಿದಳು, ಒಲೆಗೆ ಒಗೆದಳು. ಗಳಿಗೆಯಲ್ಲಿ ಮನೆಯೆಲ್ಲ ಕೆಮ್ಮಿತು. ಕಟ್ಟೆಯ ಮೇಲಿದ್ದ ನೆರೆಯವರೂ ಕೆಮ್ಮಿದರು. "ಹೋತು! ಹೋತು ನೋಡು ಪಾಪಿ ಕಣ್ಣು!" ಎಂದು ಸಾಬಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ದೇವೀಂದ್ರಪ್ಪ ಕೆಮ್ಮುತ್ತಲೇ ಇದ್ದ. ಆದರೂ ಎದ್ದು ಹೊರಗೆ ಹೋಗಲಿಲ್ಲ.

ಆ ಹೊಗೆಯಲ್ಲಿ ವಿಮಲಾಬಾಯಿ ಒಡಕು ಕಾಯಿಯನ್ನು ದಾರದಿಂದ ಬಿಡಿಸಿ, ಬೀಜ ಉದುರದಂತೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.